ಹೇಳಿ ಮುರಿದ ಶ್ರುತಿ

ದೊಡ್ಡಮ್ಮನ ಗಂಟಲಿಗೆ ಆಪರೇಶನ್ ಆದ ಮೇಲೆ ನಮ್ಮ ಮನೆಯಲ್ಲಿ ಮೊದಲು ಕೆಟ್ಟದ್ದು ಫೋನಿನ ವ್ಯವಹಾರ. ಅವರು ಹೊಸ ಗಂಡುದನಿಯಲ್ಲಿ ಹಲೋ ಅಂದರೆ ಆ ಕಡೆಯವರು "ಭಾಯಿಸಾಬ್, ಮ್ಯಾಡಮ್ ಹೈ ಕ್ಯಾ?" ಎಂದು ಕೇಳುತ್ತಿದ್ದರು. ಕನ್ನಡ ಶಾಲೆಯ ಮಕ್ಕಳನ್ನು ವರ್ಷಗಟ್ಟಲೆ ಬರೀ ಸ್ವರದಿಂದಲೇ ಹದ್ದುಬಸ್ತಿನಲ್ಲಿಟ್ಟ ಟೀಚರ್ ಅವರು. "ಮ್ಯಾಡಮ್ ಮರ್ ಗಯೀ" ಎಂದು ಫೋನ್ ಇಟ್ಟದ್ದೂ ಉಂಟು. ನನಗೆ ನಗು ಬರುತ್ತಿತ್ತು. ಅವರ ಮುಖ ನೋಡಿದ ಮೇಲೆ ನಗುವುದಕ್ಕೆ ಆಗುತ್ತಿರಲಿಲ್ಲ.

ನಮ್ಮದು ಇಬ್ಬರೇ ಇರುವ ಮನೆ. ಮದುವೆಯೇ ಬೇಡ ಎಂದವರು ದೊಡ್ಡಮ್ಮ, ಆಗಿ ನೋಡಿ ಬೇಡ ಎಂದವಳು ನಾನು. ಡೊಂಬಿವಲಿ ಪೂರ್ವದಲ್ಲಿ ಎಂಐಡಿಸಿಯ ಕಾರ್ಖಾನೆಗಳು ಮುಗಿದು ಮನೆಗಳು ಶುರುವಾಗುವ ಕಡೆ ಅವರ ಫ್ಲ್ಯಾಟ್. ಉಡುಪಿ ಕಡೆಯಿಂದ ಬಂದವರು ನಾವು, ಮನೆಯೊಳಗೆ ತುಳುವಿಗೆ ಕನ್ನಡ ಕಲಸಿ ಮಾತಾಡುತ್ತೇವೆ, ಬಾಗಿಲು ದಾಟಿದರೆ ಮರಾಠಿ. ಕೆಮಿಕಲ್ ಗಾಳಿ ನಮ್ಮ ಕಡೆ ಬೀಸಿದ ಬೆಳಿಗ್ಗೆ ಕಿಟಕಿ ಹಾಕುವುದು ನನ್ನ ಕೆಲಸ, ಅದಕ್ಕೆ ಬೈಯುವುದು ಅವರ ಕೆಲಸ.

ಅವರು ನಿಜವಾಗಿ ಬದುಕುತ್ತಿದ್ದದ್ದು ಶನಿವಾರ ಸಂಜೆ. ಹತ್ತಿರದ ದೇವಸ್ಥಾನದ ಹಾಲಿನಲ್ಲಿ ಊರ ಕಡೆಯ ಹೆಂಗಸರ ಭಜನಾ ಮಂಡಳಿ ಸೇರುತ್ತದೆ, ದೊಡ್ಡಮ್ಮ ಅದನ್ನು ಕಟ್ಟಿದವರು. ಅವರು ಒಂದು ಸಾಲು ಹೇಳಬೇಕು, ಉಳಿದವರು ಅದನ್ನು ತಿರುಗಿ ಹೇಳಬೇಕು. ಹಾರ್ಮೋನಿಯಂ ಬಾರಿಸುವವರು ವಿಜಯಪುರದವರು, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರನ್ನು ಎಲ್ಲರೂ ಪೇಟಿ ಮಾಸ್ತರು ಎನ್ನುತ್ತಾರೆ. ಮಂಡಳಿಯ ಶ್ರುತಿ ಮೊದಲಿನಿಂದಲೂ ಕಪ್ಪು ಐದು. ಅಂದರೆ ಹಾರ್ಮೋನಿಯಂನ ಕಪ್ಪು ಮನೆಗಳಲ್ಲಿ ಐದನೆಯದೇ ಷಡ್ಜ. ಹೆಂಗಸರ ಸ್ವರಕ್ಕೂ ಅದು ಎತ್ತರದ ಜಾಗ. ದೊಡ್ಡಮ್ಮನ ಸ್ವರ ಅಲ್ಲಿಂದ ಮೇಲೆ ಹಾರಾಡುತ್ತಿತ್ತು. ಹೊಗಳಿದರೆ, "ಇದು ನಾನು ಮಾಡಿದ್ದಲ್ಲ, ದೇವರು ಕೊಟ್ಟದ್ದು" ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ದೇವರಿಗಿಂತ ಅವರದೇ ಪಾಲು ಹೆಚ್ಚು ಕಾಣುತ್ತಿತ್ತು.

ಥೈರಾಯ್ಡ್ ಗಂಟು ತೆಗೆದ ಮೇಲೆ ಆ ಸ್ವರ ಕುಸಿಯಿತು. ಡಾಕ್ಟರು ಜೀವಕ್ಕೆ ಅಪಾಯವಿಲ್ಲ ಎಂದರು, ಅದು ದೊಡ್ಡ ಮಾತೇ. ಆದರೆ ಹಾಡುವ ವಿಷಯ ಕೇಳಿದಾಗ ಅವರು ಠಾಣೆಯ ಒಬ್ಬ ಸ್ಪೀಚ್ ಥೆರಪಿಸ್ಟ್ ಹೆಸರು ಬರೆದುಕೊಟ್ಟು ಕೈತೊಳೆದುಕೊಂಡರು. ಆಕೆ ಹೇಳಿದ್ದು ಇಷ್ಟು: ಸ್ವರ ಈಗ ಎಲ್ಲಿ ಕೂತಿದೆಯೋ ಅಲ್ಲಿಂದ ಶುರು ಮಾಡಿ, ಒತ್ತಾಯ ಬೇಡ, ಕೂದಲೆಳೆಯಷ್ಟು ಏರಿಸುತ್ತ ಹೋಗಿ. ಏರುತ್ತದೆಯೇ ಎಂದು ದೊಡ್ಡಮ್ಮ ಕೇಳಿದರು. ಆಕೆ, "ನೋಡೋಣ" ಎಂದರು. ದೊಡ್ಡಮ್ಮ ಅದನ್ನು ಹೌದು ಎಂದೇ ಇಟ್ಟುಕೊಂಡರು.

ಅಷ್ಟರಲ್ಲಿ ಮಂಡಳಿಯವರು ಮೊಬೈಲಿನಲ್ಲಿ ಭಜನೆ ಹಾಕಿ ಚಪ್ಪಾಳೆ ತಟ್ಟುತ್ತಿದ್ದಾರೆ ಎಂಬ ಸುದ್ದಿ ಬಂತು. "ದೇವರಿಗೆ ಬ್ಲೂಟೂತಾ? ನಾನು ಹೋಗ್ತೇನೆ. ಕಪ್ಪು ಐದಕ್ಕೆ ಮುಟ್ಟಿದ ದಿವಸ ಹೋಗ್ತೇನೆ, ಅದರ ಮೊದಲು ಆ ಹಾಲಿನ ಮೆಟ್ಟಿಲು ಹತ್ತುದಿಲ್ಲ" ಎಂದು ಪಣ ತೊಟ್ಟರು. ಹೊಟ್ಟೆಯೊಳಗಿನ ಭಯಕ್ಕೆ ಅವರು ಯಾವತ್ತೂ ಇಂಥ ಪಣಗಳನ್ನೇ ತೊಡಿಸುವುದು.

ಇಲ್ಲಿ ನನ್ನ ಕೆಲಸದ ವಿಷಯ ಹೇಳಬೇಕು. ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರಿನ ಒಳಗೆ ಹೋಗಿ ಕೂರುವ ಚಿಕ್ಕ ಸಾಫ್ಟ್‌ವೇರುಗಳಿರುತ್ತವೆ, ಪ್ಲಗಿನ್ ಎನ್ನುತ್ತಾರೆ. ಒಂದು ಸ್ವರಕ್ಕೆ ಮಾರ್ದನಿ ಕೊಡುತ್ತದೆ, ಇನ್ನೊಂದು ಗೊರಗೊರ ತೆಗೆಯುತ್ತದೆ. ಖಾರಘರದಲ್ಲಿ ಒಂದು ಪುಟ್ಟ ಆಫೀಸಿನಲ್ಲಿ ನಾನೂ ನನ್ನ ಪಾರ್ಟ್ನರೂ ಅಂಥವನ್ನು ಮಾಡಿ ಮಾರುತ್ತೇವೆ. ಅದರಲ್ಲಿ ಒಂದು ಶ್ರುತಿಯ ಪ್ಲಗಿನ್, ತಂಬೂರಿಯ ನಾದ ಕೊಡುವಂಥದ್ದು. ದೊಡ್ಡಮ್ಮನಿಗಾಗಿ ಅದರದೊಂದು ಬೇರೆ ಪ್ರತಿ ಮಾಡಿ ಮನೆಯ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟೆ. ಅವರ ಶರತ್ತು ಒಂದೇ: "ಯಾವ ಮನೆ ಅಂತ ನಂಗೆ ತೋರಿಸ್ಬೇಡ, ನೀನೂ ನೋಡ್ಬೇಡ. ನಂಬ್ರ ನೋಡಿದ್ರೆ ಗಂಟಲು ಹೆದರ್ತದೆ." ಹಾಗಾಗಿ ಪರದೆಯ ಮೇಲೆ ಎರಡೇ ಗುಂಡಿ ಇಟ್ಟೆ. ಅಭ್ಯಾಸ ಮುಗಿದ ಮೇಲೆ "ಆಯ್ತು" ಒತ್ತಿದರೆ ಮರುದಿನದ ಶ್ರುತಿ ಕೂದಲೆಳೆ ಏರುತ್ತದೆ, "ಆಗ್ಲಿಲ್ಲ" ಒತ್ತಿದರೆ ಅಷ್ಟೇ ಇಳಿಯುತ್ತದೆ. ಶ್ರುತಿ ಎಲ್ಲಿಗೆ ಬಂದು ನಿಂತಿದೆ ಎಂಬ ಲೆಕ್ಕ ಪ್ಲಗಿನ್ನಿನ ಹೊಟ್ಟೆಯಲ್ಲಿ, ಅವರ ಹೆಸರಿನ ಒಂದು ಫೈಲಿನಲ್ಲಿ. ಕೊಟ್ಟ ಮಾತಿನಂತೆ ನಾನೂ ಅದನ್ನು ನೋಡಲಿಲ್ಲ. ಬೆಳಿಗ್ಗೆ ಅಡುಗೆಮನೆಗೆ ಕೇಳಿಸುತ್ತಿದ್ದದ್ದು ಬಾಗಿಲ ಹಿಂದಿನ ಗೊಣಗಿನಂಥ ಒಂದು ನಾದ, ಅದರ ಜೊತೆ ಹೆಜ್ಜೆ ಹುಡುಕುವ ಅವರ ಸ್ವರ.

ಹೀಗೆ ನಡೆಯುತ್ತಿರುವಾಗ ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿತು. ಹೊಸದು ತಂದೆ. ಹೊಸದರಲ್ಲಿ ಹಳೆಯ ಪ್ಲಗಿನ್ ತೆರೆಯಲೇ ಇಲ್ಲ. ತೆರೆಯಬೇಕಾದರೆ ನಾವು ಆಧರಿಸಿದ್ದ ಫ್ರೇಮ್‌ವರ್ಕಿನ ಹೊಸ ಆವೃತ್ತಿಗೆ ಹೋಗಬೇಕು. ಫ್ರೇಮ್‌ವರ್ಕ್ ಅಂದರೆ ಏನೆಂದು ದೊಡ್ಡಮ್ಮನಿಗೆ ಹೇಳಿದ ರೀತಿಯಲ್ಲೇ ಹೇಳುತ್ತೇನೆ. ನಮ್ಮ ರಸ್ತೆಯಲ್ಲಿ ಅರ್ಧ ಜನ ಇಡ್ಲಿ ಹಿಟ್ಟು ಅಂಗಡಿಯಿಂದ ತರುತ್ತಾರೆ. ಅಕ್ಕಿ ನೆನೆಸುವುದು, ರುಬ್ಬುವುದು ಅಂಗಡಿಯವರದು, ಬೇಯಿಸುವುದು ಮಾತ್ರ ನಮ್ಮದು. ಒಂದು ದಿನ ಅಂಗಡಿಯವನು ಅಕ್ಕಿ ಬದಲಾಯಿಸಿದರೆ ನಿಮ್ಮ ಇಡ್ಲಿ ಕಲ್ಲಾಗುತ್ತದೆ, ತಪ್ಪು ನಿಮ್ಮದಲ್ಲ, ಆದರೆ ತಿನ್ನುವವರು ಬೈಯುವುದು ನಿಮಗೆ. ನಮ್ಮ ಕಸುಬಿನಲ್ಲಿ ಇದು ಎರಡು ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ನಿನ್ನೆಯವರೆಗೆ ಇದ್ದ ಆಜ್ಞೆ ಇಂದು ಇಲ್ಲ, ಎರಡು ಮಾಹಿತಿ ಕೇಳುತ್ತಿದ್ದ ಕಡೆ ಈಗ ಮೂರು ಕೇಳುತ್ತದೆ.

ಫ್ರೇಮ್‌ವರ್ಕಿನವರು ಪ್ರತಿ ಆವೃತ್ತಿಯ ಜೊತೆ ಒಂದು ಉದ್ದದ ಕಡತ ಕೊಡುತ್ತಾರೆ, ಈ ಸಲ ಏನೇನು ಮುರಿಯುತ್ತದೆ ಎಂಬುದರ ಕಡತ. ಒಂದೊಂದು ಬದಲಾವಣೆಯ ಕೆಳಗೂ ಬರೆದಿರುತ್ತದೆ: ಏನು ಬದಲಾಯಿತು, ಯಾರಿಗೆ ತೊಂದರೆ, ಪರಿಹಾರವೇನು, ಯಾಕೆ ಹೀಗೆ ಮಾಡಿದೆವು. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಖಾರಘರ, ಲೇಡೀಸ್ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲು ಹಿಡಿದು ಅದನ್ನು ಓದಿದೆ. ಓದಿದಷ್ಟೂ ಮೈ ಉರಿಯಿತು. ಕೆಲವು ಕಡೆ ಪರಿಹಾರದ ಜಾಗದಲ್ಲಿ ಅವರು ತಣ್ಣಗೆ ಒಂದೇ ಮಾತು ಬರೆದಿದ್ದರು: ಇಲ್ಲ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಹೆಂಗಸು ನನ್ನ ಮುಖ ನೋಡಿ, "ಕಾಯ ಝಾಲಂ? ಘರೀ ಸಗಳಂ ಠೀಕ್ ನಾ?" ಎಂದು ವಿಚಾರಿಸಿದಳು. ಮನೆಯಲ್ಲಿ ಎಲ್ಲ ಸರಿಯಿದೆ, ಇಡ್ಲಿ ಹಿಟ್ಟಿನವನದು ತೊಂದರೆ ಎಂದು ಹೇಗೆ ಹೇಳುವುದು?

ನನ್ನ ಪಾರ್ಟ್ನರ್ ನನಗಿಂತ ಚಿಕ್ಕವನು, ಮನೆಮಾತು ಕನ್ನಡವೇ, ಆದರೆ ಹುಟ್ಟಿ ಬೆಳೆದದ್ದು ವಾಶಿಯಲ್ಲಿ. ನಾನು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುತ್ತಾನೆ. ಶ್ರುತಿ ಪ್ಲಗಿನ್ನನ್ನು ಹೊಸದಕ್ಕೆ ತರಬೇಕು ಎಂದೆ.

"ಛೋಡ್ ದೇ ನಾ ಯಾರ್. ಉಸ್ ಪುರಾನೀ ಚೀಜ್ ಕೋ ಕೌನ್ ಯೂಸ್ ಕರ್ತಾ ಹೈ?" ಎಂದ.

"ನಮ್ಮ ದೊಡ್ಡಮ್ಮ."

"ಔರ್?"

"ಅವರು ಸಾಲುದಿಲ್ವಾ?"

ಅವನಿಗೂ ದೊಡ್ಡಮ್ಮನ ಕೈಯ ನೀರ್ ದೋಸೆ ತಿಂದು ಗೊತ್ತು. ಚಹಾ ತರಿಸಿದ. ತಲೆ ಮೇಲೆ ತಲೆ ಬಿದ್ದರೂ ಇದನ್ನು ಮುಗಿಸುತ್ತೇನೆ ಎಂದು ನಾನು ಕೂತೆ. ಪ್ಲಗಿನ್ನನ್ನು ಹೊಸದರ ಮೇಲೆ ಮೊದಲ ಸಲ ಕಟ್ಟಿದಾಗ ಪರದೆ ತುಂಬ ಕೆಂಪು ತಪ್ಪುಗಳು. ಒಂದನ್ನು ಸರಿಮಾಡಿದರೆ ಅದರ ಹಿಂದೆ ಅಡಗಿದ್ದ ನಾಲ್ಕು ಎದ್ದು ಬರುತ್ತಿದ್ದವು. ಅಕ್ಷರದ ಗಾತ್ರ ಹೇಳುವ ರೀತಿ ಬೇರೆ, ಪರದೆ ಬರೆಯುವ ರೀತಿ ಬೇರೆ. ಸದ್ದು, ತಂತಿ, ಶ್ರುತಿ, ಹೀಗೆ ಒಂದೊಂದು ನಿಯಂತ್ರಣಕ್ಕೂ ಈಗ ಸ್ವಂತ ಹೆಸರು ಬೇಕು, ಅದು ಯಾವ ಆವೃತ್ತಿಯಲ್ಲಿ ಹುಟ್ಟಿತೆಂದೂ ಹೇಳಬೇಕು. ಕಡತ ಹೇಳಿದಂತೆ ಒಂದೊಂದನ್ನೇ ಬದಲಿಸುತ್ತ ಹೋದೆ. ಕೊನೆಗೆ ಕೆಂಪೆಲ್ಲ ಮಾಯವಾಗಿ ನಾದ ಹೊರಟಿತು. ಹೊಸ ಫೈಲು ತೆರೆದು ನೋಡಿದೆ, ಎರಡೂ ಗುಂಡಿ ಒತ್ತಿ ನೋಡಿದೆ, ಎಲ್ಲ ಸರಿ. ಅಂದು ಸಂಜೆ ದೊಡ್ಡಮ್ಮನ ಫೈಲನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿ, "ನಾಳೆಯಿಂದ ಹಾಡಿ" ಎಂದೆ.

ಮರುದಿನ ನಾನು ಕಾಫಿಗೆ ನೀರಿಟ್ಟಿದ್ದೆ. ಒಳಗೆ ಶ್ರುತಿ ಹೊರಟಿತು, ಎಂದಿನ ಗೊಣಗಲ್ಲ, ಎತ್ತರದ್ದು, ತೆಳ್ಳಗಿನದು. ಏನೋ ಎಡವಟ್ಟಾಗಿದೆ ಎಂದು ಗ್ಯಾಸ್ ಆರಿಸಿ ಓಡುವಷ್ಟರಲ್ಲಿ ದೊಡ್ಡಮ್ಮ ಅದನ್ನು ಹಿಡಿಯಲು ಹೋಗಿಬಿಟ್ಟಿದ್ದರು. ಸ್ವರ ಮೇಲೆ ಹೋಗಿ, ಹರಿದು, ಕೆಮ್ಮಾಗಿ ನಿಂತಿತು. ನಾನು ಬಾಗಿಲಿಗೆ ಬಂದಾಗ ಯಾವ ಗುಂಡಿಯನ್ನೂ ಒತ್ತದೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದರು. ಕಣ್ಣಲ್ಲಿ ನೀರಿತ್ತು, ಕೆಮ್ಮಿನದೋ ಯಾವುದರದೋ. "ಮುಗೀತು. ಇನ್ನು ಇದನ್ನು ನನ್ನ ಎದುರು ತರ್ಬೇಡ" ಎಂದು ಗಂಟಲಲ್ಲೇ ಹೇಳಿದರು.

ಆಮೇಲೆ ಮನೆಯಲ್ಲಿ ಬೆಳಗು ಮೂಕವಾಯಿತು. ಲ್ಯಾಪ್‌ಟಾಪ್ ಇಟ್ಟಿದ್ದ ಮೇಜಿನ ಮೇಲೆ ಅವರು ಒಗೆದ ಬಟ್ಟೆ ಮಡಚಿ ಇಡಲು ಶುರು ಮಾಡಿದರು. ನಾನು ಬಟ್ಟೆ ತೆಗೆದು ಕಪಾಟಿನಲ್ಲಿಟ್ಟರೆ ಸಂಜೆಯೊಳಗೆ ಬೇರೆ ಬಟ್ಟೆ ಬಂದು ಕೂತಿರುತ್ತಿತ್ತು. ಕಪ್ಪು ಐದು ಎಂಬ ಮಾತು ನಿಂತಿತು. ನನಗೆ ಹೆದರಿಕೆಯಾದದ್ದು ಆಗ. ಇವರು ಇನ್ನು ಹಾಡುವುದೇ ಇಲ್ಲವೇನೋ ಎನಿಸಿತು. ಆ ಸ್ವರಕ್ಕಾಗಿ ಇಷ್ಟು ದಿನ ತಾಳ್ಮೆಯಿಂದ ಕಟ್ಟಿದ್ದನ್ನು ನನ್ನ ಕಸುಬು ಒಂದೇ ಬೆಳಿಗ್ಗೆ ಕೆಡವಿತ್ತು. ಸಿಟ್ಟು ಬಂತು, ದೂರದ ಫ್ರೇಮ್‌ವರ್ಕಿನವರ ಮೇಲೆ, ಲ್ಯಾಪ್‌ಟಾಪ್ ಮಾಡಿದವರ ಮೇಲೆ, ಎಲ್ಲರ ಮೇಲೆ. ಬೈದರೆ ಶ್ರುತಿ ಇಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಹುಡುಕಲು ಕೂತೆ.

ಆದದ್ದು ಇಷ್ಟು. ಹಳೆಯ ಫ್ರೇಮ್‌ವರ್ಕಿನಲ್ಲಿ ಬೆಲೆಗಳನ್ನು, ಅಂದರೆ ಯಾವುದು ಎಷ್ಟಕ್ಕೆ ನಿಂತಿದೆ ಎಂಬ ಅಂಕಿಗಳನ್ನು, ಹೆಸರಿಲ್ಲದೆ ಸಾಲಾಗಿ ಬರೆದಿಡುವುದು ರೂಢಿ, ಮೊದಲನೆಯದು ಸದ್ದು, ಎರಡನೆಯದು ತಂತಿ, ಹೀಗೆ. ಮದುವೆಮನೆಯಲ್ಲಿ ಪಂಕ್ತಿಯಲ್ಲಿ ಕೂತವರ ಹೆಸರು ಯಾರು ಕೇಳುತ್ತಾರೆ, ಬಡಿಸುತ್ತ ಹೋಗುವುದಷ್ಟೆ. ಹೊಸದು ಹೆಸರು ಹಿಡಿದು ಕರೆಯುತ್ತದೆ. ದೊಡ್ಡಮ್ಮನ ಫೈಲಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಹಾಗಾಗಿ ಯಾರೂ ಓಗೊಡಲಿಲ್ಲ. ತಪ್ಪೆಂದು ಒಂದು ಮಾತು ಹೇಳದೆ ಪ್ಲಗಿನ್, ಅದನ್ನು ಮಾಡುವಾಗ ನಾನು ಮೊದಲು ತುಂಬಿಟ್ಟಿದ್ದ ಬೆಲೆಯನ್ನೇ ಇಟ್ಟುಕೊಂಡಿತು. ಆ ಮೊದಲ ಬೆಲೆ ಕಪ್ಪು ಐದು, ಮಂಡಳಿಯ ಶ್ರುತಿ.

ಪಾರ್ಟ್ನರ್ ಹೇಳಿದ: "ಆಂಟೀ ಸೇ ಪೂಛ್ ಲೇ ಕಹಾಂ ತಕ್ ಪಹುಂಚೀ ಥೀ. ವಹೀ ಡಾಲ್ ದೇ, ಖತಮ್."

"ಎಲ್ಲಿಗೆ ಮುಟ್ಟಿದ್ರಿ ಅಂತ ಅವರನ್ನು ಕೇಳುದು ಹೇಗೆ? ಅವರಿಗೆ ನಂಬ್ರ ತೋರಿಸುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಮಾರಾಯ. ಅಂದಾಜಿಗೆ ಹಾಕಿ ಇನ್ನೊಮ್ಮೆ ಗಂಟಲು ಹರಿದ್ರೆ ನೀನು ಬರ್ತಿಯಾ ಉತ್ತರ ಹೇಳ್ಲಿಕ್ಕೆ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೊಸ ಪ್ಲಗಿನ್ನಿಗೆ ಹಳೆಯ ಫೈಲು ಓದಲು ಕಲಿಸುವುದೊಂದೇ ದಾರಿ. ಕಡತದಲ್ಲಿ ಅದಕ್ಕೆ ಪರಿಹಾರ ಬರೆದಿರಲಿಲ್ಲ. ಬರೆಯದಿದ್ದರೆ ನಾನೇ ಬರೆಯುತ್ತೇನೆ ಎಂದು ಹಠಕ್ಕೆ ಬಿದ್ದೆ. ಒಂದು ಭಾನುವಾರ ಬೆಳಿಗ್ಗೆ ಮೇಜಿನ ಮೇಲಿನ ಬಟ್ಟೆಯನ್ನು ಸರಿಸಿ, ಅವರ ಫೈಲನ್ನು ಬಿಚ್ಚಿ ಕೂತೆ. ಅರ್ಥವಿಲ್ಲದ ಅಕ್ಷರಗಳ ಒಂದು ಉದ್ದನೆ ಸಾಲು. ಹಳೆಯ ಫ್ರೇಮ್‌ವರ್ಕಿನ ಮೂಲ ಕೋಡನ್ನು ಪಕ್ಕದಲ್ಲಿಟ್ಟುಕೊಂಡು ಅದು ಹೇಗೆ ಬರೆಯುತ್ತಿತ್ತು ಎಂದು ನೋಡುತ್ತ, ಅದೇ ದಾರಿಯಲ್ಲಿ ಹಿಂದಕ್ಕೆ ನಡೆದೆ. ದೊಡ್ಡಮ್ಮ ಎರಡು ಸಲ ಬಂದು ಸಾರಿಗೆ ಉಪ್ಪು ನೋಡು ಎಂದರು, ಎರಡು ಸಲವೂ ನಾನು ಸರಿಯಿದೆ ಎಂದೆ. ಮೂರನೆಯ ಸಲ, "ಉಪ್ಪೇ ಹಾಕ್ಲಿಲ್ಲ ಅದಕ್ಕೆ, ಮರ್ಲು" ಎಂದು ಬೈದು ಹೋದರು. ಊಟದ ಹೊತ್ತಿಗೆ ಸಾಲು ಬಿಚ್ಚಿಕೊಂಡಿತು. ಹಳೆಯ ಬೆಲೆಗಳಿಗೆಲ್ಲ ಹೊಸ ಹೆಸರು ಸಿಕ್ಕಿತು. ಪ್ಲಗಿನ್ ಆ ಫೈಲನ್ನು ತೆರೆದು, ಬಾಗಿಲ ಹಿಂದಿನ ಗೊಣಗಿನ ಅದೇ ನಾದವನ್ನು ಹೊರಡಿಸಿತು. ನಾನು ಕುರ್ಚಿಯಲ್ಲೇ ಒಮ್ಮೆ ಕುಣಿದೆ.

ಆದರೆ ಬಿಚ್ಚುವಾಗ ನೋಡಬಾರದ್ದೂ ಕಣ್ಣಿಗೆ ಬಿತ್ತು. ಶ್ರುತಿ ನಿಂತದ್ದು ಬಿಳಿ ನಾಲ್ಕರಲ್ಲಿ, ಕಪ್ಪು ಐದಕ್ಕಿಂತ ಎಷ್ಟೋ ಕೆಳಗೆ. ಪ್ಲಗಿನ್ ಹಿಂದಿನ ದಿನಗಳ ಶ್ರುತಿಯನ್ನೂ ಇಟ್ಟುಕೊಂಡಿತ್ತು. ಮೊದಮೊದಲು ಏರಿದೆ, ಆಮೇಲೆ ಬಿಳಿ ನಾಲ್ಕಕ್ಕೆ ಬಂದು ಒಂದು ಕೂದಲೆಳೆ ಮೇಲೆ, ಒಂದು ಕೂದಲೆಳೆ ಕೆಳಗೆ, ಮೇಲೆ, ಕೆಳಗೆ. ತಿಂಗಳುಗಟ್ಟಲೆ ಅಲ್ಲೇ. ಸ್ವರ ಏರುತ್ತಿರಲಿಲ್ಲ, ಅದು ತನ್ನ ಜಾಗ ಹುಡುಕಿಕೊಂಡು ಕೂತಿತ್ತು. ನನ್ನ ಕುಣಿತವೆಲ್ಲ ಇಳಿದುಹೋಯಿತು. ಇದನ್ನು ಮುಚ್ಚಿಟ್ಟು "ಹಾಡುತ್ತ ಇರಿ, ಏರ್ತದೆ" ಎನ್ನಬಹುದಿತ್ತು. ಆದರೆ ಸದ್ದಿಲ್ಲದೆ ತಪ್ಪು ಬೆಲೆ ಇಟ್ಟುಕೊಂಡ ಆ ಸಾಫ್ಟ್‌ವೇರಿನ ಮೇಲೆ ಅಷ್ಟು ದಿನ ಕಿಡಿಕಾರಿದವಳು ನಾನೇ.

ಊಟಕ್ಕೆ ಕೂತಾಗ ಹೇಳಿದೆ. "ದೊಡ್ಡಮ್ಮ, ನಿಮ್ಮ ಶ್ರುತಿ ಸಿಕ್ಕಿತು. ನಾನು ನಂಬ್ರ ನೋಡಿಬಿಟ್ಟೆ."

"ಬಿಳಿ ನಾಲ್ಕು" ಎಂದರು ಅವರು, ತಟ್ಟೆಯಿಂದ ತಲೆ ಎತ್ತದೆ.

ನನ್ನ ಕೈಯ ತುತ್ತು ಅಲ್ಲೇ ನಿಂತಿತು. "ನಿಮಗೆ ಗೊತ್ತಿತ್ತಾ?"

"ಆಪರೇಶನ್ ಆದದ್ದು ಗಂಟಲಿಗೆ ಮಾರಾಯ್ತಿ, ಕಿವಿಗಲ್ಲ." ಅನ್ನಕ್ಕೆ ಸಾರು ಹಾಕಿ ಕಲಸಿದರು. "ಇವತ್ತಲ್ಲ ನಾಳೆ ಮೇಲೆ ಹೋಗ್ತದೆ ಅಂತ ಮಾಡಿದ್ದೆ. ಮೊನ್ನೆ ಅದು ಒಮ್ಮೆಲೇ ಕಪ್ಪು ಐದು ಹಿಡಿದಾಗ ಗೊತ್ತಾಯ್ತು. ಇನ್ನು ಅಲ್ಲಿಗೆ ನಾನು ಹೋಗುದಿಲ್ಲ." ಅವರು ಅಳಲಿಲ್ಲ. ನನಗೇ ಅಳು ಬಂತು, ಸಾರು ಖಾರ ಎಂದೆ. ಅದಕ್ಕೆ ಈಗಲೂ ಉಪ್ಪೇ ಸಾಕಷ್ಟಿರಲಿಲ್ಲ.

ಮಜ್ಜಿಗೆ ಬಡಿಸುತ್ತ ಅವರೇ ಕೇಳಿದರು. "ಆ ನಿನ್ನ ಇಡ್ಲಿ ಹಿಟ್ಟಿನವರು, ಯಾರನ್ನೂ ಕೇಳದೆ ಎಲ್ಲ ಬದಲಿಸಿದ್ದಾ?"

"ಕೇಳುದಿಲ್ಲ. ಆದ್ರೆ ಏನು ಮುರೀತದೆ, ಯಾಕೆ ಮುರಿದೆವು ಅಂತ ಎಲ್ರಿಗೂ ಕಾಣುವ ಹಾಗೆ ಬರೆದು ಹಾಕ್ತಾರೆ."

"ಬೇಡದವರು?"

"ಹಳೆಯದರಲ್ಲೇ ಇರ್ಬಹುದು. ಎಷ್ಟು ದಿವಸ ಇರ್ತಾರೆ? ನಾನು ಬೈದೆ, ಬೈದು ಬೈದು ಬದಲಿಸಿದೆ."

"ಹೇಳಿ ಮುರಿದ್ರೆ ಅಡ್ಡಿಲ್ಲ" ಎಂದರು. ಆಮೇಲೆ ಕೈತೊಳೆದು ಬಂದು ಮೇಜಿನ ಮೇಲೆ ಉಳಿದ ಬಟ್ಟೆಯನ್ನೂ ಕಪಾಟಿಗೆ ಹಾಕಿದರು. ಮರುದಿನ ಬೆಳಿಗ್ಗೆ ಬಿಳಿ ನಾಲ್ಕರ ಶ್ರುತಿ ಕೇಳಿತು. ಅದರ ಮೇಲೆ ಈ ಸಲ ಬರೀ ಒಂದು ಸ್ವರವಲ್ಲ, ಇಡೀ ಹಾಡು.

ಶನಿವಾರ ಅವರು ಇಸ್ತ್ರಿ ಹಾಕಿದ ಸೀರೆ ಉಟ್ಟು ಹೊರಟರು. ನಾನೂ ಜೊತೆಗೆ ಹೋದೆ. ರಿಕ್ಷಾದಲ್ಲಿ ಉದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಹಾಲಿನಲ್ಲಿ ಹೆಂಗಸರೆಲ್ಲ ಎದ್ದು ಮುತ್ತಿಕೊಂಡರು. ಕೆಲವರು ಅವರ ಹೊಸ ಸ್ವರ ಕೇಳಿ ಮುಖ ಮುಖ ನೋಡಿಕೊಂಡದ್ದನ್ನು ನಾನು ಕಂಡೆ, ದೊಡ್ಡಮ್ಮನೂ ಕಂಡರು. ಕೂತು ಗಂಟಲು ಸರಿಮಾಡಿಕೊಂಡು, ಹಳೆಯ ಕ್ಲಾಸಿಗೆ ಹೇಳುವ ಹಾಗೆ ಹೇಳಿದರು:

"ಎಲ್ಲ ಕೇಳಿ. ಇವತ್ತಿಂದ ಮಂಡಳಿಯ ಶ್ರುತಿ ಬಿಳಿ ನಾಲ್ಕು. ಕಪ್ಪು ಐದು ನನ್ನಿಂದ ಆಗುದಿಲ್ಲ, ಇನ್ನು ಆಗುದೂ ಇಲ್ಲ. ನಿಮಗೆಲ್ಲ ಅಭ್ಯಾಸ ತಪ್ಪಿ ಕಷ್ಟ ಆಗ್ತದೆ, ಅದಕ್ಕೆ ನನ್ನ ಹತ್ರ ಪರಿಹಾರ ಇಲ್ಲ. ಬೇಡದವರು ಈಗಲೇ ಹೇಳಿ, ನಾನು ಮೂಲೆಯಲ್ಲಿ ಕೂತು ತಾಳ ಹಾಕ್ತೇನೆ."

ಹೆಂಗಸರು ತಾಳ ಕೈಗೆತ್ತಿಕೊಂಡರು. ಪೇಟಿ ಮಾಸ್ತರು ಕನ್ನಡಕ ಏರಿಸಿ, "ಅಕ್ಕಾರ, ಇಷ್ಟ ವರ್ಷ ಕಪ್ಪು ಐದ ಬಾರಿಸಿ ಬಾರಿಸಿ ಬೆರಳು ಅಲ್ಲೇ ಓಡ್ತಾವ್ರೀ. ಇವತ್ತ ಎಲ್ಲೆರ ತಪ್ಪಿದ್ರ ಬೈಬ್ಯಾಡ್ರಿ ಮತ್ತ" ಎಂದರು.

"ಬೈತೇನೆ" ಎಂದರು ದೊಡ್ಡಮ್ಮ.

ಮಾಸ್ತರು ನಕ್ಕು ಬಿಳಿ ನಾಲ್ಕು ಹಿಡಿದರು. ದೊಡ್ಡಮ್ಮ ಕಣ್ಣು ಮುಚ್ಚಿ ಗಣಪತಿಯ ಹಾಡಿನ ಮೊದಲ ಸಾಲು ಎತ್ತಿದರು. ಹಿಂದಿನ ಹಾರಾಟ ಅದರಲ್ಲಿರಲಿಲ್ಲ, ಸ್ವರದ ಅಂಚು ಒರಟಾಗಿತ್ತು, ಆದರೆ ನಡುಗಲಿಲ್ಲ. ಸಾಲು ಮುಗಿಸಿ ಬಿಟ್ಟರು, ಉಳಿದವರು ತಿರುಗಿ ಹೇಳಲಿ ಎಂದು.

ಹೇಳಿದರು. ಹಾಲಿನ ತಗಡಿನ ಮಾಡಿಗೆ ತಾಗುವ ಹಾಗೆ ಇಡೀ ಮಂಡಳಿ ಒಟ್ಟಿಗೆ ಹಾಡಿತು. ದಪ್ಪ ಸ್ವರ, ಮೂಗಿನ ಸ್ವರ, ಹಿಂದೆ ಕೂತ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸಿನ ತುಂಬು ಸ್ವರ, ನಾನು ಇದುವರೆಗೆ ಅಲ್ಲಿ ಕೇಳದಿದ್ದ ಸ್ವರಗಳು. ದೊಡ್ಡಮ್ಮ ಕಣ್ಣು ತೆರೆದರು. ಎರಡನೆಯ ಸಾಲು ಎತ್ತುವ ಬದಲು ಕೈ ಮೇಲೆತ್ತಿ ಎಲ್ಲವನ್ನೂ ನಿಲ್ಲಿಸಿದರು.

"ಇದೆಂತ ಇದು? ಇಷ್ಟು ವರ್ಷ ನೀವೆಲ್ಲ ಎಂತ ಮಾಡ್ತಿದ್ರಿ?"

ಎದುರಿಗೆ ಕೂತಿದ್ದ, ಅವರಷ್ಟೇ ವಯಸ್ಸಿನ ಹೆಂಗಸು ಮೆಲ್ಲಗೆ ಹೇಳಿದರು. "ಬಾಯಿ ಆಡಿಸ್ತಿದ್ದೆವು ಅಕ್ಕ. ಅಷ್ಟು ಎತ್ತರ ನಮಗೆ ಎಲ್ಲಿ ಮುಟ್ತದೆ?"

"ಒಂದು ಮಾತು ಹೇಳ್ಬಾರದಿತ್ತಾ?"

"ನಿಮ್ಮ ಸ್ವರ ಅಷ್ಟು ಚಂದ ಇತ್ತು. ಹೇಗೆ ಹೇಳುದು?"

ದೊಡ್ಡಮ್ಮ ಮಡಿಲಲ್ಲಿದ್ದ ತಾಳವನ್ನು ಕೆಳಗಿಟ್ಟರು. ಎದ್ದು ಬಂದುಬಿಡುತ್ತಾರೇನೋ ಎಂದು ನಾನು ಅರ್ಧ ಎದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಮಾಸ್ತರ ಕಡೆ ತಿರುಗಿ ಶ್ರುತಿ ಕೊಡಿ ಎಂದು ಕೈಮಾಡಿದರು.

"ಮೊದಲಿಂದ" ಎಂದರು, ಆ ಗಂಡುದನಿಯಲ್ಲೇ. "ಇನ್ನು ಬಾಯಿ ಮಾತ್ರ ಆಡಿಸಿದವರನ್ನು ನಾನು ಹೊರಗೆ ಹಾಕ್ತೇನೆ."